ಯುರೋಪ್ ಕಾರ್ ಪ್ರವಾಸದ ಕೊನೆಯ ಮೂರು ದಿನ: ನಾವು ಮಾಡಿದ ಹಾಗೆ ಮಾಡಬೇಡಿ

ಹೊಳೆದಂಡೆ_ಕಕ್ಕಬ್ಬೆ · 2025 ಅಕ್ಟೋಬರ್ 12, ಭಾನುವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಇಲ್ಲೇ ಕೂತು ನಿಮ್ಮನ್ನೆಲ್ಲ ಪ್ರಶ್ನೆ ಕೇಳಿ ಕೇಳಿ ತಲೆ ತಿಂದಿದ್ದೆ. ಹೋಗಿ ಬಂದೆವು. ಮಾತು ಕೊಟ್ಟಿದ್ದೆನಲ್ಲ, ಬರೆಯುತ್ತಿದ್ದೇನೆ. ಎರಡು ದಿನದಿಂದ ಕರೆಂಟ್ ಇರಲಿಲ್ಲ, ಈಗ ಬಂತು.

ನಮ್ಮ ಯೋಚನೆ ಸರಳವಾಗಿತ್ತು. ಕಾವೇರಿ ಹುಟ್ಟುವ ಊರಿನವರು ನಾವು. ಯುರೋಪಿನಲ್ಲೂ ಒಂದು ನದಿಯ ಹಿಂದೆ ಹೋಗೋಣ ಅಂತ ರೈನ್ ಹಿಡಿದೆವು. ಜರ್ಮನಿಯ ಕಲೋನ್‌ನಲ್ಲಿ ಕಾರು ತೆಗೆದುಕೊಂಡು ನದಿಯ ಮೇಲುಮುಖವಾಗಿ ಹೊರಟೆವು. ಕೊಬ್ಲೆನ್ಸ್‌ನಲ್ಲಿ ಮೊಸೆಲ್ ನದಿ ಬಂದು ಸೇರುವ ಮೂಲೆ ನೋಡಿ ನಮ್ಮ ಮನೆಯವರು "ಇದು ಇವರ ಭಾಗಮಂಡಲ" ಅಂದರು. ಆಮೇಲೆ ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಶಾಫ್‌ಹೌಸನ್ ಹತ್ತಿರದ ರೈನ್ ಜಲಪಾತ. ಎತ್ತರ 23 ಮೀಟರ್ ಅಷ್ಟೇ, ಆದರೆ ಅಗಲ 150 ಮೀಟರ್. ಅಬ್ಬಿ ಜಲಪಾತ ನೋಡಿ ಬೆಳೆದವರಿಗೆ ಎತ್ತರ ಏನೂ ಅನ್ನಿಸುವುದಿಲ್ಲ. ಆ ಅಗಲಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡು ನಿಂತೆವು.

ಇದೆಲ್ಲ ಚೆನ್ನಾಗೇ ಆಯಿತು. ಬರೆಯುವುದಕ್ಕೆ ಕೂತಿದ್ದು ಕೊನೆಯ ಮೂರು ದಿನದ ಬಗ್ಗೆ. ಪ್ಲಾನ್ ಹೀಗಿತ್ತು:

ಅಕ್ಟೋಬರ್ 1, ಬುಧವಾರ: ರೈನ್ ಹುಟ್ಟುವ ಕೆರೆ. ಗುರುವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಜರ್ಮನಿಯ ಗಡಿ ಊರು ಕಾನ್‌ಸ್ಟನ್ಸ್ ಸೇರಿ ಕಾರು ವಾಪಸ್ ಕೊಡುವುದು. ಶುಕ್ರವಾರ ಸುಮ್ನೆ ಅಲ್ಲಿನ ದೊಡ್ಡ ಕೆರೆ ದಂಡೆಯಲ್ಲಿ ಕೂರುವುದು. ಶನಿವಾರ ರೈಲು ಹಿಡಿದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಮಾನ ನಿಲ್ದಾಣ. ಕಾರನ್ನು ತೆಗೆದುಕೊಂಡ ದೇಶದಲ್ಲೇ ಬಿಟ್ಟರೆ ಹೆಚ್ಚುವರಿ ದುಡ್ಡು ಕಡಿಮೆ, ಅದಕ್ಕೇ ಕಾನ್‌ಸ್ಟನ್ಸ್.

ಬುಧವಾರ ಜೀವನದಲ್ಲಿ ಮರೆಯುವ ದಿನ ಅಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ಘಾಟಿ ಓಬರಾಲ್ಪ್ ಪಾಸ್‌ನಲ್ಲಿ, ಅಂದರೆ 2000 ಮೀಟರಿಗೂ ಮೇಲೆ, ಬೆಟ್ಟದ ನಡುವೆ ಒಂದು ಕೆಂಪು ದೀಪಸ್ತಂಭ ಇದೆ. ಸಮುದ್ರ ದಂಡೆಯಲ್ಲಿ ಇರುವಂಥದ್ದೇ! ನದಿ ಸಮುದ್ರ ಸೇರುವ ಕಡೆ ನೆದರ್ಲೆಂಡ್ಸ್‌ನಲ್ಲಿದ್ದ ದೀಪಸ್ತಂಭದ ನಕಲು ಅದು. ಹುಟ್ಟಿದ ಕಡೆ ಸೇರುವ ಕಡೆಯ ಗುರುತು ಇಟ್ಟಿದ್ದಾರೆ. ಅಲ್ಲಿಂದ ಒಂದೂವರೆ ಗಂಟೆ ಏರು ದಾರಿ ನಡೆದರೆ ಟೋಮಾ ಕೆರೆ, 2345 ಮೀಟರ್ ಎತ್ತರದಲ್ಲಿ. ತಲಕಾವೇರಿ 1276 ಮೀಟರ್. ತಡಿಯಂಡಮೋಳ್ ಬೆಟ್ಟ ನೂರು ಸಲ ಹತ್ತಿದ ಕಾಲು ನಮ್ಮದು ಅಂತ ಜಂಬದಲ್ಲಿ ಹೊರಟವರು ಮೂರು ಕಡೆ ಕೂತು ಉಸಿರು ಬಿಟ್ಟೆವು.

ಕೆರೆ ಕಡು ಹಸಿರು. ಒಂದು ಮೂಲೆಯಲ್ಲಿ ಕಲ್ಲುಗಳ ಸಂದಿಯಿಂದ ನೀರು ಹೊರಗೆ ಜಾರುತ್ತದೆ, ಎರಡು ಹೆಜ್ಜೆ ಅಗಲ. ನಾನು ಕಾಲು ಅಗಲಿಸಿ ಆ ಕಡೆ ಈ ಕಡೆ ನಿಂತೆ. ಎಡಗಾಲು ಒಂದು ದಡ, ಬಲಗಾಲು ಒಂದು ದಡ. ವಾರದ ಹಿಂದೆ ಇದೇ ನೀರಿನ ಮೇಲೆ ಉದ್ದುದ್ದ ಸರಕು ದೋಣಿಗಳು ಹೋಗುವುದನ್ನು ನೋಡಿದ್ದೆವು. ತಲಕಾವೇರಿಯ ಹಾಗೆ ಗುಡಿ ಇಲ್ಲ, ಕುಂಡಿಕೆ ಇಲ್ಲ, ಪೂಜೆ ಇಲ್ಲ. ನಮ್ಮ ಮನೆಯವರು ಮಾತ್ರ ಶೂ ಬಿಚ್ಚಿಟ್ಟು ನೀರು ಮುಟ್ಟಿ ತಲೆಗೆ ಹಚ್ಚಿಕೊಂಡರು. ಅಲ್ಲಿ ರೊಟ್ಟಿ ತಿನ್ನುತ್ತಾ ಕೂತಿದ್ದ ಅಜ್ಜ ಅಜ್ಜಿ ನಮ್ಮನ್ನೇ ನೋಡುತ್ತಿದ್ದರು.

ಸರಿ, ಗುರುವಾರ. ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಇವರು ಕಾಫಿ ಕುಡಿಯುತ್ತಾ, "ಫುರ್ಕಾ ಪಾಸ್ ಇಲ್ಲೇ ಒಂದು ಗಂಟೆ ದಾರಿ. ರೋನ್ ನದಿ ಹುಟ್ಟುವುದು ಅದರ ಆಚೆಯೇ. ಇಷ್ಟು ದೂರ ಬಂದು ಬಿಡುವುದಾ?" ಅಂದರು. ನಾನು ಬೇಡ ಅನ್ನಲಿಲ್ಲ. ಅದು ನನ್ನ ತಪ್ಪು.

2429 ಮೀಟರ್ ಹತ್ತಿ ನೋಡಿದ್ದೇನು? ಮಂಜು. ಬಾನೆಟ್ ಕಾಣದಷ್ಟು ಮಂಜು. ಮಡಿಕೇರಿಯ ರಾಜಾಸೀಟಿನಲ್ಲಿ ಪುಕ್ಕಟೆ ಸಿಗುವುದು! ಮುಕ್ಕಾಲು ಗಂಟೆ ಕಾದೆವು, ಹೋಗಲಿಲ್ಲ. ವಾಪಸ್ ಬರುವಾಗ ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ದನಗಳನ್ನು ಊರಿಗೆ ಇಳಿಸುತ್ತಿದ್ದರು. ಕುತ್ತಿಗೆಗೆ ಬಿಂದಿಗೆ ಗಾತ್ರದ ಗಂಟೆ, ರಸ್ತೆ ತುಂಬಾ ಅವೇ. ಯಾರೂ ಹಾರ್ನ್ ಹೊಡೆಯುವುದಿಲ್ಲ. ನಾವೂ ಹೊಡೆಯಲಿಲ್ಲ.

ಕಾನ್‌ಸ್ಟನ್ಸ್ ಸೇರಿದ್ದು ಸಂಜೆ 6:40. ಬಾಡಿಗೆ ಆಫೀಸು 6ಕ್ಕೆ ಬಾಗಿಲು ಹಾಕಿತ್ತು. ಹೋಗಲಿ, ನಾಳೆ ಬೆಳಿಗ್ಗೆ ಕೊಡೋಣ ಅಂತ ಬಾಗಿಲ ಮೇಲಿನ ಚೀಟಿ ಓದಿದರೆ ನಾಳೆ ರಜೆ. ಅಕ್ಟೋಬರ್ 3. 1990ರಲ್ಲಿ ಪೂರ್ವ ಪಶ್ಚಿಮ ಜರ್ಮನಿ ಒಂದಾದ ದಿನ, ಇಡೀ ದೇಶ ಬಂದ್. ಅಷ್ಟು ಹೊತ್ತಿಗೆ ಫೋನ್ ಬಂತು. ಮಡಿಕೇರಿಯಲ್ಲಿ ವಿಜಯದಶಮಿ ರಾತ್ರಿ, ನನ್ನ ತಂಗಿ ದಸರೆಯ ದಶಮಂಟಪ ಮೆರವಣಿಗೆ ತೋರಿಸುವುದಕ್ಕೆ ವಿಡಿಯೋ ಕಾಲ್ ಮಾಡಿದ್ದಳು. ಅಲ್ಲಿ ದೀಪ, ಡಿಜೆ, ಜನಜಾತ್ರೆ. ಇಲ್ಲಿ ನಾವಿಬ್ಬರು ಮುಚ್ಚಿದ ಷಟರ್ ಮುಂದೆ ಒಂದು ಮಾತೂ ಆಡದೆ ನಿಂತಿದ್ದೆವು.

ಕೀ ಹಾಕುವ ಡಬ್ಬಿ ಇತ್ತು. ಕತ್ತಲಾಗುತ್ತಿತ್ತು, ಟ್ಯಾಂಕ್ ತುಂಬಿಸಿ ಬಂದು ಕೀ ಹಾಕಿ ಹೋದೆವು. ಕಾರಿನ ಫೋಟೋ ಎರಡೇ ತೆಗೆದದ್ದು, ಎರಡೂ ಮಬ್ಬು. ಈಗ ಊರಿಗೆ ಬಂದ ಮೇಲೆ ಮೇಲ್ ಬಂದಿದೆ: ಎರಡು ದಿನದ ಹೆಚ್ಚುವರಿ ಬಾಡಿಗೆ, ಮುಂದಿನ ಬಂಪರಿನಲ್ಲಿ ಗೀರು, ಒಟ್ಟು 410 ಯೂರೋ. ಕಾರ್ಡಿನಿಂದ ಆಗಲೇ ಎಳೆದುಕೊಂಡಿದ್ದಾರೆ.

ಇನ್ನೊಂದು ಇದೆ, ಅದನ್ನು ನಾಳೆ ಬರೆಯುತ್ತೇನೆ. ಈಗ ಇವರು ಹಿಂದೆ ನಿಂತು ಓದುತ್ತಿದ್ದಾರೆ.

ರೋಬಸ್ಟಾ_ರೈತ · ರಾತ್ರಿ 9:05

ಅಕ್ಕ, ಕೊನೆಯ ಸಾಲು ಓದಿ ನಗು ತಡೆಯಲಿಲ್ಲ. ಅಣ್ಣನಿಗೆ ನಮಸ್ಕಾರ ಹೇಳಿ.

ಗೋಣಿಕೊಪ್ಪ_ಟ್ಯಾಕ್ಸಿ · ರಾತ್ರಿ 9:22

ಅಕ್ಕ, ನಾನು ಯುರೋಪ್ ನೋಡಿದವನಲ್ಲ. ಆದರೆ ಇಪ್ಪತ್ತು ವರ್ಷ ಗಾಡಿ ಓಡಿಸಿದ್ದೇನೆ, ಬಾಡಿಗೆ ಗಾಡಿ ಕೊಟ್ಟು ತೆಗೆದುಕೊಂಡು ಗೊತ್ತು. ಒಂದು ಪ್ರಶ್ನೆ: ಕಾರು ತೆಗೆದುಕೊಂಡ ದಿನ ಒಂದು ಹಾಳೆ ಕೊಟ್ಟಿರುತ್ತಾರೆ, ಗಾಡಿಯ ಚಿತ್ರ ಇರುತ್ತದೆ, ಗೀರು ಇದ್ದ ಕಡೆ ಗುಣಿಸು ಗುರುತು ಹಾಕಿರುತ್ತಾರೆ. ಅದು ನಿಮ್ಮ ಹತ್ತಿರ ಇದೆಯಾ? ಮೊದಲು ಅದನ್ನು ಹುಡುಕಿ. ಪೆಟ್ರೋಲ್ ಬಂಕಿನ ಬಿಲ್ಲೂ ಬೇಕು. ಟೈಮ್ ಇರುತ್ತದೆ ಅದರಲ್ಲಿ.

ಸಂಪಾಜೆ_ತಿರುವು · ರಾತ್ರಿ 9:40

ಘಾಟಿ ರಸ್ತೆ ಹೇಗಿತ್ತು ಅದನ್ನು ಹೇಳಿ ಮೊದಲು. ಸಂಪಾಜೆ ಘಾಟಿಯಲ್ಲಿ ಲಾರಿ ಎದುರು ಬಂದಾಗ ಆಗುವ ಕಥೆ ಅಲ್ಲೂ ಇದೆಯಾ?

ಬೇಸೆಲ್_ಕನ್ನಡತಿ · ರಾತ್ರಿ 10:15

ನಾನು ಸೋಮವಾರಪೇಟೆಯವಳು, ಒಂಬತ್ತು ವರ್ಷದಿಂದ ಇಲ್ಲಿ ಸ್ವಿಟ್ಜರ್ಲೆಂಡಿನ ಬೇಸೆಲ್‌ನಲ್ಲಿದ್ದೇನೆ. ಪ್ರತಿ ವರ್ಷ ಊರಿನಿಂದ ಯಾರಾದರೂ ಬರುತ್ತಾರೆ, ಪ್ರತಿ ವರ್ಷ ಕೊನೆಯ ದಿನ ಏನಾದರೂ ಒಂದು ಆಗುತ್ತದೆ. ಸಂಪಾಜೆಯವರೇ, ನಿಮಗೆ ನಾನೇ ಹೇಳುತ್ತೇನೆ.

ಕಡಿದಾದ ಕಿರಿದಾದ ರಸ್ತೆಯಲ್ಲಿ ಮೇಲೆ ಹತ್ತುವ ಗಾಡಿಗೆ ಮೊದಲ ದಾರಿ, ನಮ್ಮ ಕಡೆಯ ನಿಯಮವೇ. ವ್ಯತ್ಯಾಸ ಏನೆಂದರೆ ಇಲ್ಲಿ ಅದನ್ನು ಪಾಲಿಸುತ್ತಾರೆ. ಹಳದಿ ಬಣ್ಣದ ಪೋಸ್ಟ್ ಬಸ್ ಬಂದರೆ ಮಾತ್ರ ಲೆಕ್ಕ ಬೇರೆ. ನೀಲಿ ಬೋರ್ಡಿನಲ್ಲಿ ಹಳದಿ ಕೊಂಬಿನ ಚಿತ್ರ ಇರುವ ಬೆಟ್ಟದ ರಸ್ತೆಯಲ್ಲಿ ಆ ಡ್ರೈವರ್ ಹೇಳಿದ ಹಾಗೆ ನೀವು ಕೇಳಬೇಕು. ತಿರುವಿನ ಆಚೆಯಿಂದ ಮೂರು ಸ್ವರದ ಹಾರ್ನ್ ಕೇಳಿಸಿದರೆ ನಿಂತುಬಿಡಿ.

ಕೊನೆಯ ದಿನಗಳಲ್ಲಿ ದುಡ್ಡು ಸೋರುವುದು ಸ್ವಿಟ್ಜರ್ಲೆಂಡಿನಲ್ಲೇ ಜಾಸ್ತಿ. ಹೆದ್ದಾರಿಗೆ ಹತ್ತಬೇಕಾದರೆ ವಿನ್ಯೆಟ್, ಅಂದರೆ ಹೆದ್ದಾರಿ ಸುಂಕದ ಚೀಟಿ ಬೇಕು, 40 ಫ್ರಾಂಕ್. ಒಂದು ದಿನ ಓಡಿಸಿದರೂ ಅಷ್ಟೇ, ವರ್ಷ ಪೂರ್ತಿ ಓಡಿಸಿದರೂ ಅಷ್ಟೇ. 2023ರಿಂದ ಗಾಡಿ ನಂಬರ್ ಕೊಟ್ಟು ಆನ್‌ಲೈನಿನಲ್ಲೇ ತೆಗೆದುಕೊಳ್ಳಬಹುದು. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ ದುಡ್ಡೂ ಕೊಡಬೇಕು. ಜರ್ಮನಿಯಿಂದ ಬರುವವರಿಗೆ ಇನ್ನೊಂದು ಗೊಂದಲ: ಅಲ್ಲಿ ಹೆದ್ದಾರಿ ಬೋರ್ಡು ನೀಲಿ. ಇಲ್ಲಿ ಹೆದ್ದಾರಿ ಹಸಿರು, ನೀಲಿ ಅಂದರೆ ಮಾಮೂಲಿ ರಸ್ತೆ. ನೀಲಿ ನೋಡಿ 120ರಲ್ಲಿ ಹೋದರೆ ಕಥೆ ಮುಗಿಯಿತು, ಅಲ್ಲಿ ಮಿತಿ 80. ಊರೊಳಗೆ 50ಕ್ಕೆ ಬದಲು 55 ಹೋದರೂ 40 ಫ್ರಾಂಕ್. "ಐದೇ ಕಿಲೋಮೀಟರ್ ಅಲ್ವಾ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಚೀಟಿ ಬಾಡಿಗೆ ಕಂಪನಿಗೆ ಹೋಗುತ್ತದೆ, ಅವರು ತಮ್ಮ ಶುಲ್ಕ ಸೇರಿಸಿ ನಿಮ್ಮ ಕಾರ್ಡಿಗೆ ಹಾಕುತ್ತಾರೆ.

ಬೇಸೆಲ್ ಮೂಲಕ ವಾಪಸ್ ಹೋಗುವವರಿದ್ದರೆ ಇದನ್ನೂ ಓದಿ. ನಮ್ಮ ವಿಮಾನ ನಿಲ್ದಾಣ ಇರುವುದು ಫ್ರಾನ್ಸ್ ನೆಲದಲ್ಲಿ. ಒಂದೇ ಕಟ್ಟಡದಲ್ಲಿ ಫ್ರಾನ್ಸ್ ಕಡೆ, ಸ್ವಿಸ್ ಕಡೆ ಅಂತ ಎರಡು ಭಾಗ. ಕಾರು ಯಾವ ಕಡೆಯಿಂದ ತೆಗೆದುಕೊಂಡಿರೋ ಅದೇ ಕಡೆ ಕೊಡಬೇಕು. ಎರಡಕ್ಕೂ ಹೋಗುವ ರಸ್ತೆ ಬೇರೆ ಬೇರೆ. ಹೋದ ವರ್ಷ ನನ್ನ ಚಿಕ್ಕಮ್ಮನ ಮಗ ತಪ್ಪು ಕಡೆ ಕಾರು ನಿಲ್ಲಿಸಿ, "ಅಕ್ಕ, ಆಫೀಸು ಗಾಜಿನ ಆಚೆ ಕಾಣುತ್ತಿದೆ, ಹೋಗೋಕಾಗ್ತಿಲ್ಲ" ಅಂತ ಫೋನ್ ಮಾಡಿದ್ದ.

ಮೂರ್ನಾಡು_ಮೇಷ್ಟ್ರು · ಅಕ್ಟೋಬರ್ 13, ಬೆಳಿಗ್ಗೆ 6:30

ಪ್ರವಾಸ ಅಂದರೆ ಟೈಮ್ ಟೇಬಲ್ ಅಲ್ಲ. ಫುರ್ಕಾಕ್ಕೆ ಹೋಗಿದ್ದು ಸರಿಯೇ. ಮಂಜು ಬಂದರೆ ಯಾರೇನು ಮಾಡುವುದಕ್ಕೆ ಆಗುತ್ತದೆ? ನಾಲ್ಕು ನೂರು ಯೂರೋ ಹೋಯಿತು ಅಂತ ಆ ದಿನವನ್ನೇ ತಪ್ಪು ಅನ್ನಬಾರದು. ಜೀವನದಲ್ಲಿ ಇನ್ನೊಂದು ಸಲ ಹೋಗುತ್ತೀರಾ?

ಅಂದ ಹಾಗೆ ರೈನ್ ಉದ್ದದ ಬಗ್ಗೆ ಒಂದು ತಮಾಷೆ. ಬಹಳ ವರ್ಷ ಪುಸ್ತಕಗಳಲ್ಲೆಲ್ಲ 1320 ಕಿ.ಮೀ. ಅಂತ ಇತ್ತು. ನಾನೂ ಮಕ್ಕಳಿಗೆ ಅದನ್ನೇ ಪಾಠ ಮಾಡಿದ್ದೆ. 2010ರಲ್ಲಿ ಒಬ್ಬರು ಜರ್ಮನ್ ವಿಜ್ಞಾನಿ ಲೆಕ್ಕ ಹಾಕಿ ನೋಡಿದರೆ ಸುಮಾರು 1230. ಯಾರೋ ಯಾವ ಕಾಲದಲ್ಲೋ ಅಂಕಿ ತಿರುಗಿಸಿ ಬರೆದದ್ದನ್ನು ಎಲ್ಲರೂ ನಕಲು ಹೊಡೆದಿದ್ದರು. ನಕಲು ಹೊಡೆದ ಮಕ್ಕಳಿಗೆ ಸೊನ್ನೆ ಕೊಟ್ಟವನು ನಾನು.

ಹೊಳೆದಂಡೆ_ಕಕ್ಕಬ್ಬೆ · ಅಕ್ಟೋಬರ್ 13, ಮಧ್ಯಾಹ್ನ 2:10

ಮೇಷ್ಟ್ರೇ, ನೀವು ನಮ್ಮ ಮನೆಯವರ ಪಕ್ಷ. ನಿಮ್ಮ ಮಾತನ್ನು ಮೂರು ಸಲ ಜೋರಾಗಿ ಓದಿ ಹೇಳಿದರು.

ಆದರೆ ನಾನು ಒಪ್ಪುವುದಿಲ್ಲ. ಫುರ್ಕಾಕ್ಕೆ ಹೋಗಬಾರದು ಅಂತಲ್ಲ. ಬೇಕಿದ್ದರೆ ಮೊದಲ ವಾರದಲ್ಲಿ ಹೋಗಿ. ಮೊದಲ ವಾರದಲ್ಲಿ ಒಂದು ದಿನ ತಪ್ಪಿದರೆ ಮರುದಿನ ಇದೆ. ಕೊನೆಯಲ್ಲಿ ತಪ್ಪಿದರೆ ಆಫೀಸು, ರಜೆ, ರೈಲು, ವಿಮಾನ ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಜೊತೆಗೆ ಎರಡು ವಾರಕ್ಕೂ ಹೆಚ್ಚು ರಸ್ತೆಯ ಬಲಗಡೆ ಗಾಡಿ ಓಡಿಸಿ ದಣಿದಿರುತ್ತೇವೆ. ಮೊದಲ ದಿನ ಇಂಡಿಕೇಟರ್ ಹಾಕುವುದಕ್ಕೆ ಹೋಗಿ ವೈಪರ್ ಹಾಕಿ ಇಬ್ಬರೂ ನಕ್ಕಿದ್ದೆವು. ಹದಿನೇಳನೇ ದಿನ ಅದೇ ವೈಪರ್ ಓಡಿತು, ನಾನು ಬೈದೆ.

ಈಗ ಆ ಇನ್ನೊಂದು ವಿಷಯ. ಕಲೋನ್ ಹತ್ತಿರ ಸೋಲಿಂಗನ್ ಅಂತ ಊರು, ಚಾಕುವಿಗೆ ಹೆಸರುವಾಸಿ. ಸೊಂಟಕ್ಕೆ ಕೊಡವರ ಪೀಚೆಕತ್ತಿ ಕಟ್ಟುವ ಮನೆಯವರು ಸುಮ್ನೆ ಹೋಗುತ್ತಾರಾ? ಅಡುಗೆ ಚಾಕುಗಳು ಒಟ್ಟು 280 ಯೂರೋ. ಜರ್ಮನಿಯಲ್ಲಿ 50 ಯೂರೋ ಮೀರಿದ ಬಿಲ್ಲಿಗೆ ಹೊರದೇಶದವರಿಗೆ ತೆರಿಗೆ ವಾಪಸ್ ಸಿಗುತ್ತದೆ, ಅಂಗಡಿಯವರು ಫಾರ್ಮ್ ತುಂಬಿ ಕೊಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಸೀಲು ಹಾಕಿಸಿದರೆ ಆಯಿತು ಅಂತ ನನ್ನ ತಲೆಯಲ್ಲಿ. ಸ್ವಿಟ್ಜರ್ಲೆಂಡ್ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಒಳಗೆ ಇದೆ, ಆದರೆ ಯುರೋಪಿಯನ್ ಒಕ್ಕೂಟದ ಒಳಗೆ ಇಲ್ಲ! ಜರ್ಮನಿಯ ಸೀಲು ಜರ್ಮನಿ ಬಿಡುವ ಗಡಿಯಲ್ಲೇ ಹಾಕಿಸಬೇಕು. ಅಂದರೆ ಕಾನ್‌ಸ್ಟನ್ಸ್‌ನಲ್ಲಿ, ಚಾಕು ತೋರಿಸಿ. ನಾವು ಶನಿವಾರ ಬೆಳಿಗ್ಗೆ ರೈಲಿಗೆ ಓಡಿದವರು, ಒಂದು ಗಂಟೆ ಚಿಲ್ಲರೆಯಲ್ಲಿ ಜ್ಯೂರಿಕ್ ನಿಲ್ದಾಣದಲ್ಲಿ ಇಳಿದು ಫಾರ್ಮ್ ತೋರಿಸಿದರೆ ಅಲ್ಲಿದ್ದವರು ಪಾಪ ಅನ್ನುವ ಹಾಗೆ ನೋಡಿದರು. ನಲವತ್ತು ಯೂರೋ ಹೋಯಿತು.

ಗುರುವಾರ ಮಧ್ಯಾಹ್ನವೇ ಸೇರಿದ್ದರೆ ಶುಕ್ರವಾರ ನಿಧಾನಕ್ಕೆ ಕಾಗದ ಎಲ್ಲ ಹರಡಿಕೊಂಡು ನೋಡುತ್ತಿದ್ದೆವು. ಬದಲಿಗೆ ಶುಕ್ರವಾರ ಪೂರ್ತಿ ಬಾಡಿಗೆ ಕಂಪನಿಗೆ ಫೋನ್ ಮಾಡುವುದರಲ್ಲೇ ಹೋಯಿತು.

ಬೇಸೆಲ್_ಕನ್ನಡತಿ · ಮಧ್ಯಾಹ್ನ 3:00

ಅಯ್ಯೋ ಅಕ್ಕ, ಕಾನ್‌ಸ್ಟನ್ಸ್‌ನಲ್ಲಿ ಆ ಸೀಲಿಗೆ ಸ್ವಿಸ್ ಜನ ಚೀಲ ಹಿಡಿದು ಸಾಲು ನಿಲ್ಲುತ್ತಾರೆ. ಹಸಿರು ಚೀಟಿ ಅಂತಲೇ ಅದಕ್ಕೆ ಹೆಸರು.

ಇನ್ನು ಮುಂದೆ ಬರುವವರಿಗೆ: 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಸೀಲು ಹಾಕುವ ಬದಲು ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ವ್ಯವಸ್ಥೆ ಹಂತ ಹಂತವಾಗಿ ಶುರುವಾಯಿತು. ಸಾಲು ಉದ್ದ ಆಗುತ್ತದೆ. ವಿಮಾನ ಹತ್ತುವ ದಿನ ಮಾಮೂಲಿಗಿಂತ ಅರ್ಧ ಗಂಟೆ ಮುಂಚೆಯೇ ಹೋಗಿ.

ರೋಬಸ್ಟಾ_ರೈತ · ಸಂಜೆ 5:45

ಊಟಕ್ಕೆ ಏನು ಮಾಡಿದಿರಿ? ನಾನೂ ನನ್ನ ಹೆಂಡತಿಯೂ ಕೊಯ್ಲು ಮುಗಿಸಿ ಮಾರ್ಚಿಗೆ ಹೋಗಬೇಕು ಅಂತಿದ್ದೇವೆ. ಕಾಫಿ ಹೂ ಅರಳಿಸುವ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಅದೊಂದು ತಲೆನೋವು.

ಸಂಪಾಜೆ_ತಿರುವು · ಸಂಜೆ 6:02

ಮಾರ್ಚಿನಲ್ಲಿ ಆ ಪಾಸ್‌ಗಳೆಲ್ಲ ಹಿಮದಲ್ಲಿ ಮುಚ್ಚಿರುತ್ತವೆ ಅಣ್ಣ. ಹೂ ಮಳೆ ನೋಡಿಕೊಂಡು ಮನೆಯಲ್ಲೇ ಇರಿ.

ಹೊಳೆದಂಡೆ_ಕಕ್ಕಬ್ಬೆ · ರಾತ್ರಿ 8:20

ಸಂಪಾಜೆಯವರು ಹೇಳಿದ್ದು ನಿಜ. ಓಬರಾಲ್ಪ್, ಫುರ್ಕಾ ಎರಡೂ ಚಳಿಗಾಲ ಪೂರ್ತಿ ಬಂದ್. ನಾವು ಅದಕ್ಕೇ ಸೆಪ್ಟೆಂಬರಿನ ನಮ್ಮ ಹಬ್ಬ ಕೈಲ್‌ಪೊಳ್ದ್ ಮುಗಿಸಿ ಹೊರಟಿದ್ದು.

ಊಟದ ಬಗ್ಗೆ ಕೇಳಿದಿರಲ್ಲ. ಅಡುಗೆಮನೆ ಇರುವ ಬಾಡಿಗೆ ಮನೆಗಳಲ್ಲೇ ಉಳಿದೆವು. ಅಕ್ಕಿ ತರಿ, ಖಾರದ ಪುಡಿ, ಒಂದು ಸಣ್ಣ ಬಾಟಲಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಒಯ್ದಿದ್ದೆ. ಬಾಟಲಿಗೆ ಮೂರು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇವರ ಕಾಲುಚೀಲ. ಮಾಂಸ ಮಾತ್ರ ಇಲ್ಲಿಂದ ಒಯ್ಯುವ ಹಾಗಿಲ್ಲ, ಅಲ್ಲಿಗೆ ನಿಷೇಧ. ಒಯ್ಯುವ ಅಗತ್ಯವೂ ಇಲ್ಲ, ಹಂದಿ ಮಾಂಸಕ್ಕೆ ಆ ದೇಶದಲ್ಲಿ ಬರ ಇಲ್ಲ.

ಬುಧವಾರ ರಾತ್ರಿ, ಕೆರೆ ನೋಡಿ ಬಂದ ಮೇಲೆ, ಡಿಸೆಂಟಿಸ್ ಊರಿನಲ್ಲಿ ಪಂದಿ ಕರಿ ಮಾಡಿದೆ. ಕೊನೆಯ ಎರಡು ಚಮಚ ಕಾಚಂಪುಳಿ ಬಿದ್ದಿತು, ಬಾಟಲಿಗೆ ಬಿಸಿ ನೀರು ಹಾಕಿ ಕುಲುಕಿ ಅದನ್ನೂ ಸುರಿದೆ. ಕರಿ ಕಪ್ಪಗಾಗುವ ಹೊತ್ತಿಗೆ ಮನೆ ಒಡತಿ ಬಾಗಿಲು ತಟ್ಟಿದರು. ವಾಸನೆಗೆ ಬೈಯುತ್ತಾರೆ ಅಂತ ಹೆದರಿದೆ. ಅವರು ಬಂದಿದ್ದು ಕಸದ ಚೀಲ ಕೊಡುವುದಕ್ಕೆ! ಅಲ್ಲಿ ಕಸ ಹಾಕುವುದಕ್ಕೆ ದುಡ್ಡು ಕೊಟ್ಟು ಕೊಂಡ ಚೀಲವೇ ಬೇಕು, ಬೇರೆ ಚೀಲ ಎತ್ತುವುದಿಲ್ಲ. ಕೂರಿಸಿ ಒಂದು ಬಟ್ಟಲು ಕೊಟ್ಟೆ. ತಿಂದರು, ಮೂಗು ಒರೆಸಿಕೊಂಡರು, ಇನ್ನೂ ಸ್ವಲ್ಪ ಕೇಳಿದರು.

ಮಾತಾಡುತ್ತಾ ಗೊತ್ತಾಯಿತು, ಅವರ ಮನೆ ಮಾತು ಜರ್ಮನ್ ಅಲ್ಲ, ರೊಮಾನ್ಶ್. ಆ ಕಣಿವೆಗಳ ಸಣ್ಣ ಭಾಷೆ. ಅದಕ್ಕೇ ಊರಿನ ಬೋರ್ಡಿನಲ್ಲಿ ಎರಡು ಹೆಸರು, ಡಿಸೆಂಟಿಸ್ ಮತ್ತು ಮುಸ್ಟೇರ್. ಟೋಮಾ ಕೆರೆಗೂ ಅವರು ಲೈ ದ ತುಮಾ ಅನ್ನುತ್ತಾರೆ. 1938ರಲ್ಲಿ ಇಡೀ ದೇಶ ಮತ ಹಾಕಿ ಅದನ್ನು ನಾಲ್ಕನೇ ರಾಷ್ಟ್ರಭಾಷೆ ಮಾಡಿತಂತೆ. ನಾನು ನಮ್ಮ ಮನೆ ಮಾತು ಕೊಡವ ತಕ್ಕ್ ಬಗ್ಗೆ ಹೇಳಿದೆ. "ನಿಮ್ಮ ಮಕ್ಕಳು ಮಾತಾಡುತ್ತಾರಾ?" ಅಂತ ಕೇಳಿದರು. ಬೆಂಗಳೂರಿನಲ್ಲಿ ಬೆಳೆದ ನಮ್ಮ ಮಗಳು ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ ಅಂದೆ. ಅವರ ಮಗನೂ ಜ್ಯೂರಿಕ್‌ನಲ್ಲಿ ಹಾಗೇ ಅಂತೆ, ಜರ್ಮನ್‌ನಲ್ಲಿ ಉತ್ತರ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಮರುದಿನ ಬೆಳಿಗ್ಗೆ ಅವರು, "ಇವತ್ತು ಇಲ್ಲೇ ಇರಿ, ನಾನು ನಮ್ಮ ಕಡೆಯ ಅಡುಗೆ ಮಾಡುತ್ತೇನೆ, ಊಟ ಮಾಡಿ ಹೋಗಿ" ಅಂದಿದ್ದರು. ನಾವು ಫುರ್ಕಾಕ್ಕೆ ಹೋದೆವು.

ಮೂರ್ನಾಡು_ಮೇಷ್ಟ್ರು · ರಾತ್ರಿ 8:55

ಸರಿ ಕಣಮ್ಮ. ಬೆಳಿಗ್ಗೆ ಹೇಳಿದ್ದನ್ನು ಅರ್ಧ ವಾಪಸ್ ತೆಗೆದುಕೊಂಡೆ.

ಗೋಣಿಕೊಪ್ಪ_ಟ್ಯಾಕ್ಸಿ · ರಾತ್ರಿ 9:10

ಅಕ್ಕ, ಹಾಳೆ ಸಿಕ್ಕಿತಾ?

ಹೊಸಬ_ಕುಶಾಲನಗರ · ಅಕ್ಟೋಬರ್ 14, ಬೆಳಿಗ್ಗೆ 11:20

ಡ್ರೈವಿಂಗ್ ಲೈಸೆನ್ಸ್ ಇಲ್ಲಿಯದೇ ನಡೆಯುತ್ತದಾ? ಹೆಂಡತಿಯೂ ಓಡಿಸಬೇಕು ಅಂತಿದ್ದಾಳೆ.

ಹೊಳೆದಂಡೆ_ಕಕ್ಕಬ್ಬೆ · ಬೆಳಿಗ್ಗೆ 11:50

ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ, ನಮ್ಮ ಆರ್‌ಟಿಓದಲ್ಲೇ ಕೊಡುತ್ತಾರೆ. ಫೀಸು 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದರ ಜೊತೆ ಮೂಲ ಲೈಸೆನ್ಸ್ ಕಾರ್ಡೂ ಇರಬೇಕು. ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿ ಹಾಕಿಸಿ. ಕಾರ್ಡ್ ಉಜ್ಜುವಾಗ ರೂಪಾಯಿ ಬೇಕಾ ಯೂರೋ ಬೇಕಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ರೇಟು.

ಗೋಣಿಕೊಪ್ಪದವರೇ, ಹುಡುಕುತ್ತಿದ್ದೇನೆ. ಬ್ಯಾಗುಗಳನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದಾರೆ.

ಹೊಳೆದಂಡೆ_ಕಕ್ಕಬ್ಬೆ · ಅಕ್ಟೋಬರ್ 15, ರಾತ್ರಿ 9:30

ಸಿಕ್ಕಿತು!

ಚಾಕುವಿನ ಪೆಟ್ಟಿಗೆಗೆ ಸುತ್ತಿದ ಕಾಗದ ಅದೇ. ಮಡಿಕೆ ಬಿಡಿಸಿ ನೋಡಿದರೆ ಕಾರಿನ ಚಿತ್ರ, ಮುಂದಿನ ಬಂಪರ್ ಬಲಗಡೆ ಮೂಲೆಯಲ್ಲಿ ನೀಲಿ ಪೆನ್ನಿನ ಗುಣಿಸು ಗುರುತು, ಪಕ್ಕದಲ್ಲಿ ಅವರ ಹುಡುಗನ ಸಹಿ. ಫೋಟೋ ತೆಗೆದು ಮೇಲ್ ಮಾಡಿದ್ದೇನೆ. ಬಂಕಿನ ಬಿಲ್ಲೂ ಇವರ ಪರ್ಸಿನಲ್ಲಿ ಸಿಕ್ಕಿತು, ಗುರುವಾರ ಸಂಜೆ 7:05 ಅಂತ ಇದೆ. ಅದನ್ನೂ ಕಳಿಸಿದೆ.

ಗೋಣಿಕೊಪ್ಪ_ಟ್ಯಾಕ್ಸಿ · ರಾತ್ರಿ 9:34

ನಾನು ಹೇಳಲಿಲ್ವಾ!! ಆದರೂ ಅಕ್ಕ, ಡಬ್ಬಿಗೆ ಕೀ ಹಾಕಿದ ಮೇಲೆ ಅವರು ಆಫೀಸು ತೆಗೆಯುವವರೆಗೆ ಗಾಡಿ ನಿಮ್ಮ ಜವಾಬ್ದಾರಿ ಅಂತ ಎಷ್ಟೋ ಕರಾರಿನಲ್ಲಿ ಬರೆದಿರುತ್ತಾರೆ, ನಮ್ಮಲ್ಲೂ ಹಾಗೇ. ಮುಂದಿನ ಸಲ ಹಾಗೆ ಬಿಡುವುದೇ ಆದರೆ ಸುತ್ತ ಒಂದು ವಿಡಿಯೋ, ಮೀಟರಿಂದು ಒಂದು, ಪೆಟ್ರೋಲ್ ಮುಳ್ಳಿಂದು ಒಂದು.

ಹೊಳೆದಂಡೆ_ಕಕ್ಕಬ್ಬೆ · ಅಕ್ಟೋಬರ್ 19, ಬೆಳಿಗ್ಗೆ 10:15

ಗೀರಿನ ದುಡ್ಡು ವಾಪಸ್ ಮಾಡುತ್ತೇವೆ ಅಂತ ಮೇಲ್ ಬಂದಿದೆ, 290 ಯೂರೋ. ಎರಡು ದಿನದ ಬಾಡಿಗೆ ವಾಪಸ್ ಇಲ್ಲ. ಅದು ನಮ್ಮದೇ ತಪ್ಪು, ಬಿಟ್ಟೆವು. ಗೋಣಿಕೊಪ್ಪದವರೇ, ಮನೆಗೆ ಬನ್ನಿ, ಊಟ ಹಾಕುತ್ತೇನೆ.

17ಕ್ಕೆ ತಲಕಾವೇರಿಗೆ ಹೋಗಿದ್ದೆವು, ತೀರ್ಥೋದ್ಭವಕ್ಕೆ. ಜನ ಅಂದರೆ ಜನ. ಕುಂಡಿಕೆ ಹತ್ತಿರ ನೂಕಾಟದಲ್ಲಿ ಇವರ ಕನ್ನಡಕ ಬಿತ್ತು, ಯಾರೋ ಎತ್ತಿಕೊಟ್ಟರು. ಬಿಂದಿಗೆಯಲ್ಲಿ ತೀರ್ಥ ತಂದು ದೇವರ ಮುಂದೆ ಇಟ್ಟೆವು. ಆಮೇಲೆ ಇವರು ಬ್ಯಾಗಿನಿಂದ ಒಂದು ಸಣ್ಣ ಬಾಟಲಿ ತೆಗೆದು ಅದರ ಪಕ್ಕ ಇಟ್ಟರು. ನೋಡಿದರೆ ನನ್ನ ಕಾಚಂಪುಳಿ ಬಾಟಲಿ. ಗುರುವಾರ ಬೆಳಿಗ್ಗೆ ಓಬರಾಲ್ಪ್ ದಾಟುವಾಗ ಒಂದು ಕಡೆ ಕಾರು ನಿಲ್ಲಿಸಿ ಕೆಳಗೆ ಇಳಿದು ಹೋಗಿದ್ದರು. ನಾನು ಬೇರೆ ಏನೋ ಅಂದುಕೊಂಡಿದ್ದೆ. ರೈನ್ ನೀರು ತುಂಬಿಸಿಕೊಂಡಿದ್ದರಂತೆ.

ಮುಚ್ಚಳ ತೆಗೆದು ಮೂಸಿದೆ. ಇನ್ನೂ ಹುಳಿ ವಾಸನೆ ಇದೆ.